ಮೆತ್ತೆಯ ಮೇಲಿನ ಅಂಗೈ

ಹನ್ನೊಂದು ಸೆಕೆಂಡಿಗೊಂದು ಪೆಟ್ಟು.

ಗುಬ್ಬಿ ಮತ್ತೊಮ್ಮೆ ಎಣಿಸಿದಳು. ಲ್ಯಾಪ್‌ಟಾಪಿನ ಪರದೆಯ ಮೇಲೆ ನೀಲಿ ಗೆರೆಯೊಂದು ನೇರವಾಗಿ ಹೋಗುತ್ತ ಹೋಗುತ್ತ ಬಿಕ್ಕಳಿಕೆ ಬಂದಂತೆ ಒಮ್ಮೆ ಮೇಲಕ್ಕೆ ಹಾರಿ, ಮತ್ತೆ ಏನೂ ಆಗಿಲ್ಲವೆಂಬಂತೆ ನೇರವಾಗುತ್ತಿತ್ತು. ಹತ್ತು, ಹನ್ನೊಂದು, ಬಿಕ್ಕಳಿಕೆ. ಎರಡು ಗಂಟೆ ನಲವತ್ತು ನಿಮಿಷವೂ ಹೀಗೆಯೇ. ಎಲ್ಲ ಪೆಟ್ಟೂ ಒಂದೇ ಎತ್ತರ.

"ಮಾವ, ನಿಂತಿರೋ ವ್ಯಾನು ಕುಲುಕುತ್ತಾ?" ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಕೇಳಿದಳು.

ಆ ಕಡೆ ನ್ಯಾಯಾಲಯದ ಮೊಗಸಾಲೆಯ ಗದ್ದಲ. "ನಿಂತಿದ್ದು ಯಾಕೆ ಕುಲುಕುತ್ತೆ ಕಣೇ? ಓಡೋದು ಕುಲುಕುತ್ತೆ. ಅದೂ ಒಂದು ಗುಂಡಿ ಬೆನ್ನು ತಟ್ಟಿದ್ರೆ ಇನ್ನೊಂದು ಸೊಂಟ ಮುರಿಯುತ್ತೆ. ನನ್ನ ಸೊಂಟಾನೇ ಸಾಕ್ಷಿ."

"ಇಲ್ಲಿ ಗಡಿಯಾರ ನೋಡ್ಕೊಂಡು ಕುಲುಕ್ತಾ ಇದೆ."

"ಹಾಗಾದ್ರೆ ಅದು ರಸ್ತೆ ಅಲ್ಲ, ಇನ್ನೇನೋ. ಬೇಗ ನೋಡು. ನಾಲ್ಕು ಗಂಟೆಗೆ ಆ ಡ್ರೈವರ್ ಹುಡುಗನನ್ನ ಕರೀತಾರೆ. ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿದಿಲ್ಲ. ನಾನು ಬಿಸ್ಕತ್ತು ಕೊಟ್ರೆ ಅದನ್ನ ಜೇಬಿಗೆ ಹಾಕ್ಕೊಂಡು ನನಗೇ ಥ್ಯಾಂಕ್ಸ್ ಅಂದ."

ಮಾವ ಪೊಲೀಸ್ ಇಲಾಖೆಯ ದಾಖಲೆ ಕೊಠಡಿಯಲ್ಲಿ ಮೂವತ್ತು ವರ್ಷ ಧೂಳು ಕುಡಿದು ನಿವೃತ್ತನಾದವನು, ಅವಳ ತಾಯಿಯ ತಮ್ಮ. ಅವಳ ಪತ್ತೇದಾರಿ ಕಚೇರಿಯ ಅರ್ಧ ಅವನು. ಅವಳು ಕೂತರೆ ಕುರ್ಚಿ ಖಾಲಿಯಾಗಿ ಕಾಣುತ್ತದೆ ಎಂದು ಗುಬ್ಬಿ ಎಂಬ ಹೆಸರಿಟ್ಟವನೂ ಅವನೇ. ಆ ಹೆಸರು ಊರೆಲ್ಲ ಸುತ್ತಿ ಈಗ ಕಚೇರಿಯ ಬಾಗಿಲ ಮೇಲೂ ಕೂತಿತ್ತು.

ಕಾರ್ಖಾನೆಯೊಳಗೆ ತನಿಖೆ ಮಾಡಲು ವ್ಯಾನಿನ ಚಾಲಕನ ವಕೀಲರು ಕೋರ್ಟಿನಿಂದ ತಂದುಕೊಟ್ಟ ಅನುಮತಿ ಇವತ್ತು ಸಂಜೆ ನಾಲ್ಕರವರೆಗೆ ಮಾತ್ರ. ಗೋಡೆಯ ಗಡಿಯಾರದಲ್ಲಿ ಎರಡೂ ಇಪ್ಪತ್ತು.

ಗುಬ್ಬಿ ಔಷಧಗಳನ್ನು ಪೆಟ್ಟಿಗೆ ಕಟ್ಟಿ ಆಸ್ಪತ್ರೆಗಳಿಗೆ ಕಳಿಸುವ ಕಾರ್ಖಾನೆಯ ಪ್ಯಾಕಿಂಗ್ ಅಂಗಳದ ಮೂಲೆಯಲ್ಲಿ, ಬೋರಲು ಹಾಕಿದ ರಟ್ಟಿನ ಪೆಟ್ಟಿಗೆಯ ಮೇಲೆ ಕೂತಿದ್ದಳು. ಎದುರಿಗೆ ಎಂಟು ಬೆಂಚುಗಳು. ಒಂದೊಂದರ ಹಿಂದೆಯೂ ತೆಳ್ಳನೆಯ ಗವಸು ತೊಟ್ಟ ಒಬ್ಬೊಬ್ಬ ಹೆಂಗಸು. ಟೇಪು ಹರಿಯುವ ಸದ್ದು, ಶೀಶೆಗಳ ಕಿಣಿಕಿಣಿ.  ಮೂರು ದಿನದಿಂದ ಇಲ್ಲಿ ಯಾರೂ ಜೋರಾಗಿ ಮಾತಾಡಿರಲಿಲ್ಲ.

ಬುಧವಾರ ಆಸ್ಪತ್ರೆಯೊಂದರಲ್ಲಿ ಎರಡು ಹಸುಗೂಸುಗಳು ಸತ್ತಿದ್ದವು. ಇಲ್ಲಿಂದ ಮಂಗಳವಾರ ಹೊರಟ ಪೆಟ್ಟಿಗೆಯ ಹೃದಯದ ಔಷಧ ಅವುಗಳ ಮೈಸೇರಿತ್ತು. ತಣ್ಣಗಿದ್ದರೆ ಜೀವ ಉಳಿಸುವ, ಬಿಸಿಯಾದರೆ ಜೀವ ತೆಗೆಯುವ ಔಷಧ. ಪೆಟ್ಟಿಗೆಯನ್ನು ವಾಪಸು ತರಿಸಿ ಅದರ ಮೆತ್ತೆಯನ್ನು ಓದಿದ ಕಾರ್ಖಾನೆ, ಚಾಲಕ ವ್ಯಾನನ್ನು ಎರಡು ಗಂಟೆ ನಲವತ್ತು ನಿಮಿಷ ಬಿಸಿಲಲ್ಲಿ ನಿಲ್ಲಿಸಿದ್ದ ಎಂದು ವರದಿ ಬರೆಯಿತು. ನಾನು ಎಲ್ಲೂ ನಿಲ್ಲಿಸಿಲ್ಲ ಎಂದು ಅವನು ಹೇಳುತ್ತಲೇ ಇದ್ದ.

ಮೆತ್ತೆ ಎನ್ನುವುದು ಇಲ್ಲಿನ ಹೆಂಗಸರ ಮಾತು. ಕಾರ್ಖಾನೆಯ ಕಾಗದಗಳಲ್ಲಿ ಅದಕ್ಕೆ ಒಂದು ಸಾಲಿನಷ್ಟು ಉದ್ದದ ಹೆಸರಿತ್ತು. ನೋಡಲು ಬಿಳಿ ಫೋಮಿನ ದಪ್ಪ ಹಾಳೆ, ಅದರೊಳಗೆ ಕೂದಲಿಗಿಂತ ಸಣ್ಣ ಎಳೆಗಳ ಜಾಲ. ಪೆಟ್ಟಿಗೆಯೊಳಗೆ ಶೀಶೆಗಳನ್ನು ತಬ್ಬಿಕೊಂಡು ಕೂತು ಅದು ಎಲ್ಲವನ್ನೂ ಗಮನಿಸುತ್ತದೆ. ಎಷ್ಟು ಬಿಸಿ, ಎಷ್ಟು ಪೆಟ್ಟು, ಎಷ್ಟು ಒತ್ತಡ. ಮುಚ್ಚಳ ತೆಗೆಯದೆಯೇ, ತಂತಿಯಿಲ್ಲದೆಯೇ ಅದನ್ನೆಲ್ಲ ಆಸ್ಪತ್ರೆಯ ಯಂತ್ರಕ್ಕೆ ಹೇಳುತ್ತದೆ. ಸರಿಯಿದ್ದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು.

ಹಸಿರೇ ಇತ್ತು ಎಂದು ಆಸ್ಪತ್ರೆಯ ಸಿಸ್ಟರ್ ಅತ್ತುಕೊಂಡು ಹೇಳಿದ್ದಳು. ತನ್ನ ತಪ್ಪು ಮುಚ್ಚಿಕೊಳ್ಳಲು ಹೇಳುತ್ತಿದ್ದಾಳೆ ಎಂದು ಅವಳನ್ನು ಮನೆಗೆ ಕಳಿಸಿದರು.

ಮೆತ್ತೆಗೆ ಗಂಟೆ, ವಾರ ಗೊತ್ತಾಗುವುದಿಲ್ಲ. ಮುಚ್ಚಳ ಹಾಕುವ ಮುನ್ನ ಪ್ಯಾಕ್ ಮಾಡುವವಳು ಅದರ ಮೇಲೆ ಅಂಗೈಯೂರಿ ಐದು ಎಣಿಸುವವರೆಗೆ ಒತ್ತಬೇಕು. ಆಗ ಅದಕ್ಕೆ ಎಚ್ಚರವಾಗುತ್ತದೆ, ಆ ಕ್ಷಣದಿಂದ ಎಣಿಕೆ ಶುರು. ಪ್ಯಾಕ್ ಆದ ವೇಳೆಯನ್ನು ಚೀಟಿಯಿಂದ ನೋಡಿ ಅದಕ್ಕೆ ಸೇರಿಸುವುದು ಪರೀಕ್ಷೆ ಕೊಠಡಿಯವರ ಕೆಲಸ. ಒತ್ತುವುದಕ್ಕೆ ಮುಂಚೆ ಜಗತ್ತಿನಲ್ಲಿ ಏನಾಗಿತ್ತೆಂದು ಮೆತ್ತೆಗೆ ತಿಳಿಯದು.

ಧಡ್.

ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ತಾಗಿತು. ಬೆಳಿಗ್ಗೆಯಿಂದಲೂ ತಾಗುತ್ತಿದ್ದಿರಬೇಕು, ಈಗ ಅವಳು ಗಮನಿಸಿದಳು. ಬೆರಳು ಮಡಿಚುತ್ತ ಎಣಿಸಿದಳು. ಒಂಬತ್ತು. ಹತ್ತು. ಹನ್ನೊಂದು.

ಧಡ್.

ಪರದೆಯ ಗೆರೆಯ ಮೇಲೆ ಬೆರಳಿಟ್ಟಳು. ಅದೇ ಲೆಕ್ಕ.

"ಊಟ ಆಯ್ತಾ ಮೇಡಂ?"

ದೊಡ್ಡಕ್ಕ ಎರಡು ಗ್ಲಾಸು ಟೀ ಹಿಡಿದು ನಿಂತಿದ್ದಳು. ಪ್ಯಾಕಿಂಗ್ ಅಂಗಳಕ್ಕೆ ಅವಳೇ ಹಿರಿಯಳು, ಎಲ್ಲರಿಗೂ ದೊಡ್ಡಕ್ಕ. ಕಟಕಟೆಯಲ್ಲಿ ನಿಲ್ಲಬೇಕಾದ ಚಾಲಕನಿಗೆ ಮಾತ್ರ ಒಡಹುಟ್ಟಿದ ಅಕ್ಕ. ತಾಯಿಯಿಲ್ಲದ ತಮ್ಮನನ್ನು ನಾಲ್ಕು ವರ್ಷದವನಿದ್ದಾಗಿನಿಂದ ಸಾಕಿದ್ದಳು. ಗುರುವಾರ ಬೆಳಿಗ್ಗೆ ಗುಬ್ಬಿಯ ಕಚೇರಿ ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದವಳು ಇವಳೇ.

"ಆ ಸದ್ದು ಏನು ದೊಡ್ಡಕ್ಕ?"

"ಯಾವ್ದು? ಓ, ಅದಾ? ಕಟಿಂಗ್ ಪ್ರೆಸ್ಸು. ಫೋಮ್ ಕತ್ತರಿಸೋದು. ನಮಗೆ ಅದು ಕೇಳಿಸೋದೇ ಇಲ್ಲ. ನಿಂತಾಗಲೇ ಏನಾಯ್ತಪ್ಪ ಅಂತ ತಲೆ ಎತ್ತೋದು."

"ಎಲ್ಲಿದೆ?"

"ಈ ಗೋಡೆ ಆಚೆ ಬಿಸಿ ಕೋಣೆ, ಮೆತ್ತೆ ಕಾಯಿಸಿ ಪರೀಕ್ಷೆ ಮಾಡೋ ಜಾಗ. ಅದರ ಆಚೆ ಪ್ರೆಸ್ಸು." ಗ್ಲಾಸನ್ನು ತುಟಿಗೆ ತಂದಳು. ಗವಸಿನ ಕಿರುಬೆರಳು ಗ್ಲಾಸಿಗೆ ತಾಗದೆ ನೆಟ್ಟಗೆ ನಿಂತಿತ್ತು. ಬೆಂಚಿನ ಹೆಂಗಸರು ಇದನ್ನು ಕಂಡು ನಗುವುದನ್ನು ಗುಬ್ಬಿ ಮೊದಲ ದಿನವೇ ನೋಡಿದ್ದಳು: ನಮ್ಮ ದೊಡ್ಡಕ್ಕ ಟೀ ಕುಡಿಯೋದೂ ಮಹಾರಾಣಿ ಥರ. "ನನ್ನ ತಮ್ಮಂದು ಏನಾದ್ರೂ ಆಗುತ್ತಾ ಮೇಡಂ?"

"ನಾಲ್ಕು ಗಂಟೆಯೊಳಗೆ ಹೇಳ್ತೀನಿ."

ಆಶ್ವಾಸನೆಯ ಮಾತು ಗುಬ್ಬಿಗೆ ಸುಲಭಕ್ಕೆ ಬಾಯಿಗೆ ಬರುತ್ತಿರಲಿಲ್ಲ. ದೊಡ್ಡಕ್ಕ ಅಷ್ಟಕ್ಕೇ ತಲೆಯಾಡಿಸಿ ತನ್ನ ಮೇಜಿಗೆ ಹೋದಳು. ಮೇಜಿನ ಪಕ್ಕದ ಗೋಡೆಗೆ ಹಳೆಯ ಫೋನು, ಮೇಲೆ 'ತಡೆ' ಎಂದು ಬರೆದು ಅಂಟಿಸಿದ ಚೀಟಿ. ಹೊರಟ ಪೆಟ್ಟಿಗೆಯನ್ನು ತಡೆಯಬೇಕಾದರೆ ಆ ಫೋನಿನಿಂದ, ದೊಡ್ಡಕ್ಕನ ದನಿಯಲ್ಲೇ ಹೇಳಬೇಕು. ಬೇರೆ ಯಾರು ಹೇಳಿದರೂ ಆಸ್ಪತ್ರೆಗಳ ಔಷಧ ದಾಸ್ತಾನಿನವರು ಕಿವಿಗೊಡುವುದಿಲ್ಲ.

ಗುಬ್ಬಿ ಕೋರ್ಟಿಗೆ ಹೋದ ಮೆತ್ತೆಯ ದಾಖಲೆಯನ್ನು ಹಿಂದಕ್ಕೆ ತಿರುಗಿಸಿದಳು. ಬಿಸಿಯ ಗೆರೆ ಬೇಡ. ಪೆಟ್ಟಿನ ಗೆರೆಯೂ ಬೇಡ. ಮೊದಲ ಐದು ಸೆಕೆಂಡು, ಒತ್ತಡದ ಚಿತ್ರ. ಇದನ್ನು ಕಾರ್ಖಾನೆಯ ವರದಿಗೆ ಸೇರಿಸಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

ಬೂದು ಬಣ್ಣದ ಹಾಳೆಯ ಮೇಲೆ ಕಪ್ಪಾಗಿ ಒಂದು ಅಂಗೈ ಮೂಡಿತು. ಮಂಜು ಹಿಡಿದ ಗಾಜಿಗೆ ಯಾರೋ ಆ ಕಡೆಯಿಂದ ಕೈಯಿಟ್ಟಂತೆ. ಹೆಬ್ಬೆರಳು. ತೋರುಬೆರಳು. ನಡುಬೆರಳು. ಉಂಗುರಬೆರಳು.

ಅಷ್ಟೇ. ಐದನೆಯದಿರಬೇಕಾದಲ್ಲಿ ಬರೀ ಬೂದು.

ಚೀಟಿಯ ಪ್ರಕಾರ ಆ ಪೆಟ್ಟಿಗೆ ಪ್ಯಾಕ್ ಮಾಡಿದ್ದು ನಾಲ್ಕನೇ ಬೆಂಚಿನವಳು. ಗುಬ್ಬಿ ಹೊಸ ಮೆತ್ತೆಯೊಂದನ್ನು ಅವಳೆದುರು ಇಟ್ಟು ಒತ್ತಲು ಹೇಳಿದಳು.

"ನಾನೇನೂ ಮಾಡಿಲ್ಲ ಮೇಡಂ," ಎಂದಳು ಅವಳು, ಆಗಲೇ ಕಣ್ಣು ತುಂಬಿಕೊಂಡು.

"ಗೊತ್ತು. ಅದನ್ನ ಕಾಗದದ ಮೇಲೆ ತರೋಕೇ ಒತ್ತಿಸ್ತಿರೋದು."

ಐದು ಬೆರಳು, ಚಿಕ್ಕ ಅಂಗೈ. ಪರದೆಯ ಮೇಲಿದ್ದ ಕೈ ಇದರ ಒಂದೂವರೆಯಷ್ಟಿತ್ತು.

ಅಂದರೆ ಪೆಟ್ಟಿಗೆಯಲ್ಲಿ ಹೋದ ಮೆತ್ತೆ ಬೇರೆ, ಕೋರ್ಟಿಗೆ ಹೋದ ಮೆತ್ತೆ ಬೇರೆ. ಎರಡನೆಯದು ಈ ಕಟ್ಟಡ ಬಿಟ್ಟು ಹೊರಗೇ ಹೋಗಿಲ್ಲ.

* * *

ಪರೀಕ್ಷೆ ಕೊಠಡಿಯ ಮುಖ್ಯಸ್ಥನಿಗೆ ಕಾರ್ಖಾನೆಯಲ್ಲಿ ತಣ್ಣೀರು ಎಂದು ಹೆಸರು. ಹದಿನಾಲ್ಕು ವರ್ಷದಲ್ಲಿ ಅವನು ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಕೆಲಸದಿಂದ ತೆಗೆಯುವಾಗಲೂ ಕೂರಿಸಿ, ನೀರು ಕೊಟ್ಟು, ಆಮೇಲೆ ತೆಗೆಯುತ್ತಿದ್ದ.

"ಕೂತ್ಕೊಳ್ಳಿ ಮೇಡಂ. ನೀರು?"

"ಬೇಡ." ಗುಬ್ಬಿ ನಿಂತೇ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು. "ಇದು ನೀವು ಕೋರ್ಟಿಗೆ ಕೊಟ್ಟ ಮೆತ್ತೆ. ಈ ಪೆಟ್ಟುಗಳು ಏನು?"

ಅವನು ಕನ್ನಡಕ ಸರಿಮಾಡಿಕೊಂಡು ನೋಡಿದ. "ಎಂಜಿನ್ ನಡುಕ."

"ವ್ಯಾನ್ ಆಫ್ ಆಗಿತ್ತು ಅಂತ ನಿಮ್ಮದೇ ವರದಿ. ಎಂಜಿನ್ ಆನ್ ಇದ್ದಿದ್ರೆ ತಂಪು ಯಂತ್ರ ಓಡ್ತಿತ್ತು, ಔಷಧ ಬಿಸಿ ಆಗ್ತಿರಲಿಲ್ಲ. ಎರಡರಲ್ಲಿ ಒಂದು ಆರಿಸಿ ಸರ್."

"ಹಾಗಿದ್ರೆ ಪಕ್ಕದಲ್ಲಿ ಯಾವುದೋ ಕಾಮಗಾರಿ ನಡೀತಿರಬಹುದು. ರಸ್ತೆ ಅಗೆಯೋರಿಗೇನು ಬರವೇ?"

"ಹನ್ನೊಂದು ಸೆಕೆಂಡಿಗೆ ಒಂದು ಸಲ. ಎರಡು ಗಂಟೆ ನಲವತ್ತು ನಿಮಿಷ. ಒಂದು ಸಲವೂ ಬೀಡಿ ಸೇದೋಕೆ ನಿಲ್ಲಿಸದೆ ಕೆಲಸ ಮಾಡೋ ಆಳುಗಳು. ಎಲ್ಲಿ ಸಿಗ್ತಾರೆ ಹೇಳಿ, ನಮ್ಮ ಮನೆ ಗೋಡೆ ಬಾಕಿ ಇದೆ."

ಅವನು ನಗಲಿಲ್ಲ.

ಧಡ್, ಎಂದಿತು ಗೋಡೆಯಾಚೆ.

 ಗುಬ್ಬಿ ಬಾಯಿ ತೆರೆಯದೆ ಮೇಜಿನ ಮೇಲೆ ಬೆರಳು ತಟ್ಟುತ್ತ ಎಣಿಸಿದಳು. ಅವನ ಕಣ್ಣು ಅವಳ ಬೆರಳನ್ನೇ ನೋಡುತ್ತಿತ್ತು. ಹನ್ನೊಂದನೆಯ ತಟ್ಟಿಗೆ ಸರಿಯಾಗಿ ಗೋಡೆ ಮತ್ತೆ ನಡುಗಿತು.

"ಆ ಮೆತ್ತೆ ವ್ಯಾನ್ ಹತ್ತಿಲ್ಲ," ಎಂದಳು. "ಬಿಸಿ ಕೋಣೆಯಲ್ಲಿತ್ತು. ಪೆಟ್ಟಿಗೆ ವಾಪಸು ಬಂದ ಮೇಲೆ ನೀವು ಒಳಗಿದ್ದ, ಹಸಿರು ತೋರಿಸಿದ್ದ ಮೆತ್ತೆ ತೆಗೆದು ಇದನ್ನ ಇಟ್ರಿ. ಪೆಟ್ಟಿಗೆ ಬಿಚ್ಚಿದ್ದು ನೀವೊಬ್ಬರೇ."

"ಯಾರು ಬೇಕಾದ್ರೂ ಬಿಸಿ ಕೋಣೆಗೆ ಹೋಗಬಹುದು ಮೇಡಂ. ಬೀಗದ ಕೈ ನನ್ನ ಹತ್ರ ಇದೆ, ದೊಡ್ಡಕ್ಕನ ಹತ್ರ ಇನ್ನೊಂದಿದೆ. ನಾನೇ ಅನ್ನೋಕೆ ಏನಿದೆ?"

"ಕೈಯಿಡಿ."

"ಏನು?"

ಗುಬ್ಬಿ ಹೊಸ ಮೆತ್ತೆಯನ್ನು ಮುಂದಿಟ್ಟಳು. ಅವನು ಒಂದು ಕ್ಷಣ ಅವಳನ್ನು ನೋಡಿ, ಅಂಗಿಯ ತೋಳು ಮಡಿಸಿ, ಅಂಗೈಯೂರಿದ. ಪರದೆಯ ಮೇಲೆ ಅಗಲವಾದ ಕೈ ಮೂಡಿತು. ಐದೂ ಬೆರಳು, ಒಂದೂ ಕಮ್ಮಿಯಿಲ್ಲ.

"ಸಮಾಧಾನವಾಯ್ತಾ?"

ಆಗಿರಲಿಲ್ಲ.  ಇವನೇ ಎಂದು ನಂಬಿ ಬಂದಿದ್ದಳು. ಸೋತದ್ದನ್ನು ಮುಖದಲ್ಲಿ ತೋರಿಸಬಾರದೆಂದು ಅವಳು ಹಳೆಯ ಚಿತ್ರವನ್ನು ತೆರೆದು ಪಕ್ಕಕ್ಕಿಟ್ಟಳು. "ಹಾಗಾದ್ರೆ ಇದು ಯಾರ ಕೈ?"

ತಣ್ಣೀರು ಬಗ್ಗಿ ನೋಡಿದ.

ಆಮೇಲೆ ಅವನು ಮಾಡಿದ್ದನ್ನು ಗುಬ್ಬಿ ಬಹಳ ದಿನ ಮರೆಯಲಿಲ್ಲ. ಮುಖದ ಬಣ್ಣ ಹೋಗಲಿಲ್ಲ, ತುಟಿ ನಡುಗಲಿಲ್ಲ. ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಹಾಕಿಕೊಂಡು ಮತ್ತೆ ನೋಡಿದ. ಹೇಳಿದ ಮಾತು ಕೇಳದ ಮಗುವನ್ನು ನೋಡುವಂತೆ ಗಾಜಿನಾಚೆಗೆ, ಪ್ಯಾಕಿಂಗ್ ಅಂಗಳದ ಕಡೆ ನೋಡಿದ.

"ಒತ್ತಬೇಡಿ ಅಂದಿದ್ದೆ," ಎಂದ. ಅವಳಿಗಲ್ಲ, ತನಗೇ.

"ಯಾರಿಗೆ?"

ಅವನ ಫೋನು ಗುರ್ರೆಂದಿತು. ಎತ್ತಿ ಅರ್ಧ ನಿಮಿಷ ಸುಮ್ಮನೆ ಕೇಳಿದ. "ಯಾವಾಗ ತೆರೆದ್ರು? ಸರಿ. ಪೆಟ್ಟಿಗೆ ಯಾರೂ ಮುಟ್ಟೋದು ಬೇಡ. ನಾನೇ ಬರ್ತೀನಿ." ಫೋನು ಜೇಬಿಗಿಟ್ಟು ಕುರ್ಚಿಯ ಮೇಲಿದ್ದ ಚೀಲ ಎತ್ತಿಕೊಂಡ. "ತುರ್ತು ಕೆಲಸ ಬಂತು ಮೇಡಂ. ನಿಮ್ಮ ಅನುಮತಿ ನಾಲ್ಕರವರೆಗೆ ತಾನೇ? ಆರಾಮಾಗಿ ನೋಡಿ. ನೀರು ಅಲ್ಲಿದೆ."

ತಡೆಯುವ ಅಧಿಕಾರ ಅವಳಿಗಿರಲಿಲ್ಲ. ಕಾರಿಡಾರಿನಲ್ಲಿ ಅವನ ಹೆಜ್ಜೆ ಬಾಗಿಲ ಕಡೆಗಲ್ಲ, ಮೊದಲು ಎಡಕ್ಕೆ ಹೋದವು. ಎಲ್ಲೋ ಒಂದು ಬೀಗ ತೆರೆದು ಮುಚ್ಚಿದ ಸದ್ದು. ಆಮೇಲೆ ಹೊರಗೆ ಕಾರು ಹೊರಟಿತು.

ಎರಡೂ ಐವತ್ತು.

* * *

"ಗುಬ್ಬಿ, ಕೆಟ್ಟ ಸುದ್ದಿ," ಎಂದ ಮಾವ. "ನಮ್ಮ ಮುಂದಿದ್ದ ಕೇಸಿನ ವಕೀಲರು ಬಂದಿಲ್ಲ. ನಮ್ಮನ್ನ ಮೂರೂವರೆಗೇ ಕರೀಬಹುದು. ನಿನ್ನ ಕೈಲಿ ಏನಿದೆ?"

"ಒಂದು ಕೈ ಇದೆ. ಯಾರದ್ದು ಅಂತ ಗೊತ್ತಿಲ್ಲ."

"ತಮಾಷೆ ಬೇಡ ಕಣೇ."

"ತಮಾಷೆ ಅಲ್ಲ ಮಾವ. ಚಿತ್ರ ಕಳಿಸಿದ್ರೆ ನಡೆಯುತ್ತಾ?"

"ಚಿತ್ರ ಗಿತ್ರ ನಡೆಯಲ್ಲ. ಯಾರ ಕೈಯೋ ಅವರು ಬಂದು, ನ್ಯಾಯಾಧೀಶರ ಎದುರು ಒತ್ತಿ ತೋರಿಸಬೇಕು. ಇಲ್ದಿದ್ರೆ ಹುಡುಗ ಇವತ್ತೇ ಜೈಲಿಗೆ. ಎರಡು ಕೂಸು ಸತ್ತಿರೋ ಕೇಸು, ಒಳಗೆ ಇರೋರೂ ಸುಮ್ನೆ ಬಿಡಲ್ಲ ಅವನನ್ನ. ಹೊರಗೆ ಬರ್ತಾನೋ ಇಲ್ವೋ ನಾನು ಹೇಳಲಾರೆ."

ಗುಬ್ಬಿ ಫೋನಿಟ್ಟು ಗಾಜಿನಾಚೆ ನೋಡಿದಳು, ತಣ್ಣೀರು ನೋಡಿದ್ದ ಕಡೆಗೇ. ಎಂಟು ಬೆಂಚು. ಟೇಪು. ಬಿಳಿ ಗವಸುಗಳು. ಮೇಜಿನ ಹಿಂದೆ ದೊಡ್ಡಕ್ಕ, ಆರಿದ ಟೀಯ ಗ್ಲಾಸು ಎತ್ತುತ್ತಿದ್ದಾಳೆ.

ಮಹಾರಾಣಿಯ ಕಿರುಬೆರಳು. ಮಡಿಚದ, ತಾಗದ, ಯಾವ ಕೆಲಸಕ್ಕೂ ಬಾರದ ಬೆರಳು.

ಬೇಡಪ್ಪಾ, ಎಂದುಕೊಂಡಳು ಗುಬ್ಬಿ. ಇವಳಾಗಿರುವುದು ಬೇಡ.

ಅವಳ ಮುಂದೆ ಹೋಗಿ ನಿಂತಾಗ ದೊಡ್ಡಕ್ಕ ಆಸೆಯಿಂದ ತಲೆಯೆತ್ತಿದಳು. ಆ ಆಸೆಯನ್ನು ನೋಡಲಾಗದೆ ಗುಬ್ಬಿ ಅವಳ ಕೈಯನ್ನೇ ನೋಡಿದಳು.

"ಗ್ಲೌಸ್ ತೆಗೀರಿ ದೊಡ್ಡಕ್ಕ."

"ಯಾಕೆ ಮೇಡಂ?"

"ತೆಗೀರಿ."

ದೊಡ್ಡಕ್ಕ ಬೆಂಚುಗಳ ಕಡೆ ಕಳ್ಳನೋಟ ಬೀರಿ, ಮೇಜಿನ ಕೆಳಗೆ ಕೈಯಿಳಿಸಿ ಗವಸು ಕಳಚಿದಳು. ಕಿರುಬೆರಳಿದ್ದ ಜಾಗದಿಂದ ಹತ್ತಿಯ ಉಂಡೆಯೊಂದು ನೆಲಕ್ಕೆ ಬಿತ್ತು. ಬೆರಳು ಬುಡದಿಂದಲೇ ಇರಲಿಲ್ಲ.

"ಯಾರಿಗೂ ಹೇಳಬೇಡಿ," ಎಂದಳು ಪಿಸುದನಿಯಲ್ಲಿ. "ಹತ್ತು ಬೆರಳು ಇಲ್ದೋರನ್ನ ಬೆಂಚಿಗೆ ತಗೊಳಲ್ಲ ಇಲ್ಲಿ. ಹಿಟ್ಟಿನ ಗಿರಣಿ ಬೆಲ್ಟಿಗೆ ಅವನು ಕೈ ಹಾಕಿದ್ದ, ನಾಲ್ಕು ವರ್ಷದ ಕೂಸು. ಅವನ ಕೈ ಎಳ್ಕೊಂಡೆ, ನನ್ನ ಬೆರಳು ಅಲ್ಲೇ ಉಳೀತು. ನಿಮಗೆ ಹೇಗೆ ಗೊತ್ತಾಯ್ತು?"

ಗುಬ್ಬಿ ಪರದೆ ತಿರುಗಿಸಿದಳು. "ನಿಮ್ಮ ತಮ್ಮನನ್ನ ಜೈಲಿಗೆ ಕಳಿಸ್ತಿರೋ ಮೆತ್ತೆ ಇದು."

ದೊಡ್ಡಕ್ಕ ತನ್ನ ಕೈಯನ್ನು ನೋಡಿದಳು. ಪರದೆಯನ್ನು ನೋಡಿದಳು. ಮತ್ತೆ ಕೈ. 

"ನನ್ನ ಕೈಯಿಂದಲೇ?"

"ಯಾವಾಗ ಒತ್ತಿದ್ರಿ? ನೆನಪು ಮಾಡ್ಕೊಳ್ಳಿ. ಬಿಸಿ ಕೋಣೆಯಲ್ಲಿ."

"ಒತ್ತಿಲ್ಲ ಮೇಡಂ. ಇಟ್ಟೆ ಅಷ್ಟೆ. ಸಾಹೇಬ್ರು ಹೊಸ ಮೆತ್ತೆ ತಂದು ಬಿಸಿ ಕೋಣೆ ಹಲಗೆ ಮೇಲೆ ಸಾಲಾಗಿ ಇಡಿ ಅಂದ್ರು. ಒತ್ತಬೇಡಿ, ನಾನು ಯಂತ್ರದಲ್ಲೇ ಎಬ್ಬಿಸ್ತೀನಿ, ಪರೀಕ್ಷೆಗೆ ಅಂದ್ರು. ನಾನೂ ಹೂಂ ಅಂದೆ."  ಮೇಜಿನ ಮೇಲೆ ಬರಿಗೈ ತಾನಾಗಿ ಅಗಲವಾಗಿ ಕೂತಿತ್ತು, ತುಟಿ ಸದ್ದಿಲ್ಲದೆ ಅಲುಗಿತು: ಒಂದು, ಎರಡು, ಮೂರು. "ಅಯ್ಯೋ. ಒತ್ತಿದೀನಿ. ಒಂಬತ್ತು ವರ್ಷದ ಅಭ್ಯಾಸ ಕಣಮ್ಮ. ಮೆತ್ತೆ ಇಟ್ರೆ ಕೈ ಒತ್ತಿಬಿಡುತ್ತೆ. ನನ್ನನ್ನ ಕೇಳಲ್ಲ."

ಅಷ್ಟೇ. ಯಂತ್ರಕ್ಕೆ ಒಡ್ಡುವ ಮೊದಲೇ ಮೆತ್ತೆಗೆ ಎಚ್ಚರವಾಗಿತ್ತು, ತಣ್ಣೀರಿಗೆ ಅದು ತಿಳಿಯಲಿಲ್ಲ. ಗುಬ್ಬಿಗೆ ಉಸಿರು ಸಲೀಸಾಯಿತು. ಇಷ್ಟು ಸಾಕು. ಈ ಕೈ, ಈ ಮಾತು ನ್ಯಾಯಾಧೀಶರ ಮುಂದೆ ಹೋದರೆ ತಮ್ಮ ಹೊರಗೆ ಬರುತ್ತಾನೆ. ಕೋರ್ಟಿಗೆ ಇಪ್ಪತ್ತು ನಿಮಿಷದ ದಾರಿ.

"ಬನ್ನಿ, ಹೊರಡೋಣ. ಹೋಗ್ತಾ ಹೇಳಿ. ಬುಧವಾರ ರಾತ್ರಿ ತಾನೇ ಇಟ್ಟಿದ್ದು? ಪೆಟ್ಟಿಗೆ ವಾಪಸು ಬಂದ ಮೇಲೆ?"

"ಬುಧವಾರ ಅಲ್ಲ ಮೇಡಂ. ಇದು ಸೋಮವಾರ."

ಗುಬ್ಬಿಯ ಕಾಲು ಅಲ್ಲೇ ನಿಂತವು.

"ಯಾವ ಸೋಮವಾರ?"

"ಹೋದ ಸೋಮವಾರ. ಭಾನುವಾರ ರಜೆ ಇತ್ತು, ಔಷಧ ಇಡೋ ತಣ್ಣನೆ ಕೋಣೆ ಕೆಟ್ಟು ನಿಂತಿತ್ತು. ಸೋಮವಾರ ಬೆಳಿಗ್ಗೆ ಬಂದ್ರೆ ಒಳಗೆ ನೆಲವೆಲ್ಲ ಒದ್ದೆ, ಶೀಶೆ ಮುಟ್ಟಿದ್ರೆ ಬೆಚ್ಚಗೆ. ಇವನ್ನ ಎಸೀಬೇಕಲ್ವಾ ಸಾಹೇಬ್ರೇ ಅಂತ ನಾನೇ ಕೇಳಿದೆ. ತಯಾರಕರನ್ನ ಕೇಳಿದೀನಿ, ಏನೂ ಆಗಲ್ಲ, ಪ್ಯಾಕ್ ಮಾಡಿ ಅಂದ್ರು. ಅಷ್ಟು ತಣ್ಣಗೆ ಹೇಳಿದ್ರು. ನಂಬಿದೆ."

ಪೆಟ್ಟಿಗೆ ಹೊರಟಿದ್ದು ಮಂಗಳವಾರ. ಕೂಸುಗಳು ಸತ್ತದ್ದು ಬುಧವಾರ. ಅವುಗಳ ಸಾವನ್ನು ಚಾಲಕನ ತಲೆಗೆ ಕಟ್ಟಬೇಕಾದ ಮೆತ್ತೆ ಸೋಮವಾರವೇ ಬಿಸಿಯಾಗುತ್ತಿತ್ತು.

ಇದು ಆದ ತಪ್ಪನ್ನು ಮುಚ್ಚಿದ್ದಲ್ಲ. ಸಾಯುತ್ತಾರೆ ಎಂದು ತಣ್ಣೀರಿಗೆ ಮೊದಲೇ ಗೊತ್ತಿತ್ತು.

"ದೊಡ್ಡಕ್ಕ," ಗುಬ್ಬಿಗೆ ತನ್ನ ದನಿಯೇ ದೂರದಿಂದ ಬಂದಂತೆ ಕೇಳಿತು, "ಮೆತ್ತೆ ಸಾಲಾಗಿ ಇಟ್ಟೆ ಅಂದ್ರಲ್ಲ. ಎಷ್ಟು?"

"ಹನ್ನೆರಡು."

"ಆ ಬೆಚ್ಚಗಿನ ಶೀಶೆಗಳು ಎಷ್ಟು ಪೆಟ್ಟಿಗೆಗೆ ಹೋದವು?"

"ಅಷ್ಟಕ್ಕೇ," ಎಂದು ದೊಡ್ಡಕ್ಕ ಬೀಗದ ಕೈ ಎತ್ತಿಕೊಂಡಳು. 

ಬಿಸಿ ಕೋಣೆಯ ಬಾಗಿಲು ತೆರೆದಾಗ ಒಲೆಯ ಬಾಯಿಯಂತೆ ಗಾಳಿ ಮುಖಕ್ಕೆ ಹೊಡೆಯಿತು. ಹಿಂದಿನ ಗೋಡೆಗೆ ಕಬ್ಬಿಣದ ಕಪಾಟು. ದೊಡ್ಡಕ್ಕನ ಬೀಗದ ಕೈ ಎರಡು ಸಲ ಜಾರಿ ಮೂರನೆಯ ಸಲ ತಿರುಗಿತು. ಒಳಗೆ ಬಿಳಿ ಮೆತ್ತೆಗಳು ಒಂದರ ಮೇಲೊಂದು, ಒಂದೊಂದಕ್ಕೂ ಒಂದೊಂದು ಚೀಟಿ. ಚೀಟಿಯ ಮೇಲೆ ಪೆಟ್ಟಿಗೆಯ ಸಂಖ್ಯೆ, ಆಸ್ಪತ್ರೆಯ ಹೆಸರು. ಅದರ ಕೆಳಗೆ ಸಣ್ಣ, ದುಂಡಗಿನ ಅಕ್ಷರದಲ್ಲಿ ಅದನ್ನು ಒಯ್ದ ಚಾಲಕನ ವ್ಯಾನಿನ ನಂಬರು. ಒಬ್ಬೊಬ್ಬ ಚಾಲಕನಿಗೂ ಅವನ ಅಪರಾಧ ಆಗಲೇ ಸಿದ್ಧವಾಗಿ ಕೂತಿತ್ತು.

ಹನ್ನೆರಡರಲ್ಲಿ ಒಂದು ಕೋರ್ಟಿನಲ್ಲಿದೆ. ಹನ್ನೊಂದು ಇರಬೇಕು.

ಗುಬ್ಬಿ ಎಣಿಸಿದಳು. ಮೇಲಿನಿಂದ ಕೆಳಕ್ಕೆ. ಕೆಳಗಿನಿಂದ ಮೇಲಕ್ಕೆ.

ಹತ್ತು.

ಯಾವಾಗ ತೆರೆದ್ರು? ಪೆಟ್ಟಿಗೆ ಯಾರೂ ಮುಟ್ಟೋದು ಬೇಡ. ಎಡಕ್ಕೆ ಹೋದ ಹೆಜ್ಜೆ. ಬೀಗದ ಸದ್ದು. ಚೀಲ.

"ಇನ್ನೊಂದು ಕಡೆ ತೆರೆದಿದ್ದಾರೆ," ಎಂದಳು. "ಹತ್ತು ಪೆಟ್ಟಿಗೆಗೆ ಇನ್ನೂ ಹಸಿರು ದೀಪ ಉರೀತಾ ಇದೆ."

ಮೂರೂ ಹತ್ತು. ಒಂದೊಂದು ಆಸ್ಪತ್ರೆಗೂ ಫೋನು ಮಾಡಿ, ದಾಸ್ತಾನಿನವರನ್ನು ಕರೆಸಿ, ಸಂಖ್ಯೆ ಓದಿಸಿ, ಪೆಟ್ಟಿಗೆಗೆ ತಡೆ ಹಾಕಿಸಲು ಐದು ನಿಮಿಷವಾದರೂ ಬೇಕು. ಆ ಗೋಡೆಯ ಫೋನಿನಿಂದಲೇ. ದೊಡ್ಡಕ್ಕನ ದನಿಯಲ್ಲೇ. ಕೋರ್ಟಿಗೆ ಹೋಗಬೇಕಾದದ್ದೂ ಅದೇ ದೊಡ್ಡಕ್ಕ.

ಗುಬ್ಬಿಯ ಕೈಯಲ್ಲಿ ಫೋನು ಹೊಡೆದುಕೊಂಡಿತು. "ಎಲ್ಲಿದ್ದೀರಿ?" ಮಾವನ ದನಿ ಒಡೆದಿತ್ತು. "ಮೂರೂವರೆಗೂ ಕಾಯದೆ ಅವನ ಹೆಸರು ಕೂಗಿದ್ರು ಕಣೇ. ಬಾಗಿಲನ್ನೇ ನೋಡ್ತಾ ನಿಂತಿದಾನೆ. ಅಕ್ಕ ಬರ್ತಾಳೆ ಅಂತ ಹೇಳ್ತಾ ಇದಾನೆ. ನ್ಯಾಯಾಧೀಶರಿಗೆ ಏನು ಹೇಳ್ಲಿ?"

ಗುಬ್ಬಿ ಫೋನನ್ನು ದೊಡ್ಡಕ್ಕನ ಕಡೆ ಹಿಡಿದಳು. ಇದು ತಾನು ಆರಿಸಬೇಕಾದದ್ದಲ್ಲ ಎಂದು ಗೊತ್ತಿತ್ತು. 

ದೊಡ್ಡಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕಪಾಟಿನ ಬಾಗಿಲು ಹಿಡಿದು ಒಂದು ಕ್ಷಣ ಕಣ್ಣು ಮುಚ್ಚಿದಳು. ಗಿರಣಿಯ ಬೆಲ್ಟಿನಿಂದ ಎಳೆದುಕೊಂಡ ಆ ಪುಟ್ಟ ಕೈ ಈಗ ಮತ್ತೆ ಅದೇ ಬೆಲ್ಟಿನ ಮೇಲಿತ್ತು. ಹತ್ತೂ ಮೆತ್ತೆಗಳ ಚೀಟಿ ಕಿತ್ತುಕೊಂಡು ಅಂಗಳಕ್ಕೆ ನಡೆದಳು. ಗವಸು ಹಾಕಿಕೊಳ್ಳಲಿಲ್ಲ. ಎಂಟು ಬೆಂಚಿನ ಹೆಂಗಸರೂ ಆ ನಾಲ್ಕು ಬೆರಳಿನ ಕೈ ನೋಡಿದರು. ಯಾರೂ ನಗಲಿಲ್ಲ.

"ನಿಮ್ಮ ಮಾವನಿಗೆ ಹೇಳಿ," ಎಂದಳು, "ಅಕ್ಕ ಬರ್ತಾಳಂತೆ, ಸ್ವಲ್ಪ ತಡವಾಗುತ್ತಂತೆ ಅಂತ ಅವನಿಗೆ ಹೇಳೋಕೆ."

ಗೋಡೆಯ ಫೋನು ಎತ್ತಿ ಮೊದಲ ಚೀಟಿಯ ಆಸ್ಪತ್ರೆಗೆ ಹಚ್ಚಿದಳು. ಎಲ್ಲಕ್ಕಿಂತ ಹತ್ತಿರದ್ದು, ಕಾರಿನಲ್ಲಿ ಹೋದರೆ ಕಾಲು ಗಂಟೆಯ ದಾರಿ. ಅಲ್ಲಿಗೆ ಎರಡು ಪೆಟ್ಟಿಗೆ ಹೋಗಿದ್ದವು, ಒಂದರ ಚೀಟಿ ಮಾತ್ರ ಅವಳ ಕೈಯಲ್ಲಿತ್ತು. ಗುಬ್ಬಿ ಅವಳ ಕಿವಿಗೆ ಕಿವಿ ಸೇರಿಸಿ ನಿಂತಳು. ಒಂದು ಸಲ ರಿಂಗಾಯಿತು. ಎರಡು ಸಲ. ಯಾರೋ ಎತ್ತಿದರು.

"ದಾಸ್ತಾನಿನವರಾ? ಪ್ಯಾಕಿಂಗ್‌ನಿಂದ ದೊಡ್ಡಕ್ಕ ಮಾತಾಡ್ತಿರೋದು. ತಡೆ. ನಿಮ್ಮಲ್ಲಿರೋ ಪೆಟ್ಟಿಗೆ ತಡೆ..."

ಆ ಕಡೆ ಕುರ್ಚಿಯೊಂದು ಎಳೆದ ಸದ್ದು. ದೂರದಲ್ಲೆಲ್ಲೋ ಒಂದು ಕೂಸು ಅಳುತ್ತಿತ್ತು.

"ಹೇಳಿ ದೊಡ್ಡಕ್ಕ," ಎಂದಿತು ಆ ತಣ್ಣನೆಯ ದನಿ, ಎಂದಿನಂತೆ ಏರದೆ, ಇಳಿಯದೆ. "ಆ ಮೇಡಂಗೆ ಬೆರಳು ಎಣಿಸಿ ಕೊಟ್ರಾ?"